ನಡುಸಾಲಿನ ಅಕ್ಕ

ಲೀಡರ್ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಗಣಪತಿ ಕೂರಿಸುವವರ ಫ್ಲೆಕ್ಸಿನಲ್ಲಿ ಆ ಪದ ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತೇನೆ. ಮೊನ್ನೆ ಮಗಳು ಸ್ಕೂಲಿನಿಂದ ಕುಣಿಯುತ್ತ ಬಂದು, ‘ಅಮ್ಮಾ, ನನ್ನನ್ನ ಕ್ಲಾಸ್ ಲೀಡರ್ ಮಾಡಿದ್ರು’ ಅಂದಾಗ, ‘ಬೇಡ ಅಂತ ಹೇಳಿ ಬಾ’ ಎಂದು ಗದರಿಬಿಟ್ಟೆ. ಮಗು ಅಳುತ್ತ ಅಜ್ಜಿಯ ಹತ್ತಿರ ಹೋಯಿತು. ಅತ್ತೆ ನನಗೆ ಹುಚ್ಚು ಅಂದರು. ಹುಚ್ಚು ಯಾರಿಗೆ ಎಂದು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಒಂದು ಕಂಪನಿ ತೋಟದಲ್ಲಿ ಹೆಣ್ಣಾಳುಗಳ ಮೇಸ್ತ್ರಿ. ಕಂಪನಿಯ ಆಫೀಸು ಶಿವಮೊಗ್ಗದ ವಿದ್ಯಾನಗರದಲ್ಲಿ, ತೋಟ ಭದ್ರಾವತಿಯಿಂದ ಆಚೆ ನಾಲೆಯ ಕೆಳಗೆ. ಮೊದಲು ಭತ್ತ ಬೆಳೆಯುತ್ತಿದ್ದ ಗದ್ದೆಗಳನ್ನು ಒಟ್ಟಿಗೆ ಕೊಂಡು ಅಡಿಕೆ ನೆಟ್ಟಿದ್ದಾರೆ. ಅಡಿಕೆ ತೋಟ ಅಂದ ಕೂಡಲೇ ತಂಪು, ನೆರಳು ಎಂದುಕೊಳ್ಳಬೇಡಿ. ಗಿಡಗಳು ಇನ್ನೂ ನಮ್ಮ ಹೆಗಲೆತ್ತರ. ನೆರಳಿಗೆಂದು ನಡುವೆ ಹಾಕಿದ್ದ ಬಾಳೆಯನ್ನೂ ಕಡಿಸಿಹಾಕಿದ ಮೇಲೆ ಬಿಸಿಲಿಗೆ ಅಡ್ಡ ಬರುವುದು ನಮ್ಮ ತಲೆ ಮಾತ್ರ. ನಾಲೆಗೆ ನೀರು ಬಿಟ್ಟರೆ ಗಿಡಕ್ಕಿಂತ ಮೊದಲು ಕಳೆಗೆ ಖುಷಿ. ನಮ್ಮ ಕೆಲಸ ಬುಡ ಬಿಡಿಸುವುದು, ಅಂದರೆ ಗಿಡದ ಸುತ್ತ ಕಳೆ ಕೆತ್ತಿ, ಗೊಬ್ಬರ ಕೊಟ್ಟು, ಮಣ್ಣೆಳೆಯುವುದು. ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಹಿಂದೆ ಮತ್ತೆ ಹಸಿರು. ಮುಗಿಯಿತು ಅನ್ನುವುದೇ ಇಲ್ಲ.

ಗಂಡನ ಕಾಂಟ್ರಾಕ್ಟ್ ಕೆಲಸ ಹೋದ ಮೇಲೆ ನಾನು ಇಲ್ಲಿಗೆ ಬಂದೆ. ಪಿಯುಸಿ ಓದಿದ್ದೇನೆ, ಬಾಯಿ ಜೋರು, ಈ ಎರಡು ಕಾರಣಕ್ಕೆ ಮೇಸ್ತ್ರಿ ಮಾಡಿದರು. ಬೆಳಿಗ್ಗೆ ಭದ್ರಾವತಿಯ ಓಲ್ಡ್ ಟೌನಿಗೆ ಲಗೇಜ್ ಆಟೋ ಬರುತ್ತದೆ. ಅದರ ಹಿಂದೆ ತರಕಾರಿ ಮೂಟೆಗಳ ಹಾಗೆ ತುಂಬಿಕೊಂಡು ಹೋಗುತ್ತೇವೆ. ಕನ್ನಡ, ತಮಿಳು, ತೆಲುಗು, ಉರ್ದು, ನಮ್ಮ ಆಟೋದಲ್ಲಿ ನಾಲ್ಕು ಭಾಷೆಯ ಬೈಗುಳ ಸಿಗುತ್ತದೆ. ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗುವ ಬಸ್ಸು ಪಕ್ಕಕ್ಕೆ ಬಂದರೆ ಕಿಟಕಿಯಲ್ಲಿ ಕೂತ ಹುಡುಗಿಯರು ನಮ್ಮನ್ನೊಮ್ಮೆ ನೋಡಿ ಮೊಬೈಲಿಗೆ ತಲೆ ತಗ್ಗಿಸುತ್ತಾರೆ. ತಗ್ಗಿಸಲಿ ಬಿಡಿ.

ನಮ್ಮ ಗ್ಯಾಂಗಿನಲ್ಲಿ ಒಂದು ಪದ್ಧತಿ ಇತ್ತು. ನಾನು ಮಾಡಿದ್ದಲ್ಲ, ನನಗಿಂತ ಹಿಂದಿನ ಮೇಸ್ತ್ರಿಯಿಂದ ಬಂದದ್ದು. ಎಲ್ಲರೂ ಒಂದೊಂದು ಸಾಲು ಹಿಡಿದು ಒಟ್ಟಿಗೆ ಮುಂದೆ ಹೋಗಬೇಕು. ಅವತ್ತು ಯಾರ ಮೈಯಲ್ಲಿ ಆಗುವುದಿಲ್ಲವೋ ಅವಳಿಗೆ ನಡುಸಾಲು. ಬಸುರಿಗೆ, ಜ್ವರ ಬಂದು ಬಿಟ್ಟವಳಿಗೆ, ಗಂಡನ ಕೈಯಲ್ಲಿ ಹೊಡೆಸಿಕೊಂಡು ಬಂದವಳಿಗೆ. ಎಡಗಡೆಯವಳು ಅವಳ ಸಾಲಿನ ಒಂದು ಗಿಡ ಬಿಡಿಸುತ್ತಾಳೆ, ಬಲಗಡೆಯವಳು ಇನ್ನೊಂದು. ನಡುವಿನವಳು ಸುಮ್ಮನೆ ಗುದ್ದಲಿ ಆಡಿಸಿಕೊಂಡು ಜೊತೆಗೆ ಬಂದರಾಯಿತು. ಏನಾಯಿತು ಎಂದು ಯಾರೂ ಕೇಳುವಂತಿಲ್ಲ, ಅವಳೂ ಉಪಕಾರ ಆಯಿತು ಅನ್ನುವಂತಿಲ್ಲ. ಇವತ್ತು ಅವಳು, ನಾಳೆ ನೀನು. ಬದುವಿನ ಮೇಲೆ ನಿಂತು ನೋಡುವವರಿಗೆ ಒಂದೇ ಸಮ ಹೋಗುತ್ತಿರುವ ಹೆಂಗಸರು ಕಾಣುತ್ತಾರೆ ಅಷ್ಟೆ.

ದೀಪಾವಳಿ ಕಳೆದ ಮೇಲೆ ನಡುಸಾಲು ಅಕ್ಕನದ್ದೇ ಆಗಿಹೋಯಿತು. ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ದೊಡ್ಡವಳು, ಅದಕ್ಕೇ ಎಲ್ಲರಿಗೂ ಅಕ್ಕ. ಮನೆಮಾತು ತಮಿಳು. ಗಂಡ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು, ಓಲ್ಡ್ ಟೌನಿನಲ್ಲಿ ತಮ್ಮನ ಮನೆಯಲ್ಲಿದ್ದಳು. ಬೆಳಿಗ್ಗೆ ಎದ್ದು ಆ ಮನೆಗೆಲ್ಲ ತಿಂಡಿ ಅಡುಗೆ ಮಾಡಿಟ್ಟು ತೋಟಕ್ಕೆ ಬರಬೇಕು, ಸಂಜೆ ಹೋಗಿ ಪಾತ್ರೆ, ಬಟ್ಟೆ, ಮತ್ತೆ ಅಡುಗೆ. ಭಾನುವಾರ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಒಂದು ಕಾಲದಲ್ಲಿ ಅವಳ ಗುದ್ದಲಿಯ ಜೊತೆ ನಮ್ಮ ಯಾರ ಗುದ್ದಲಿಯೂ ಓಡುತ್ತಿರಲಿಲ್ಲ. ಅವಳ ಬಾಯಿ ಇನ್ನೂ ಜೋರು, ಕೆಲಸ ಮಾಡುತ್ತಲೇ ಇಡೀ ಸಾಲನ್ನು ನಗಿಸುತ್ತಿದ್ದಳು.

ಆಮೇಲೆ ಅದೆಲ್ಲ ನಿಂತಿತು. ಜ್ವರ ಇಲ್ಲ, ಶುಗರ್ ಇಲ್ಲ, ಬಿಪಿ ಇಲ್ಲ. ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ, ರಕ್ತ ಸ್ವಲ್ಪ ಕಡಿಮೆ ಇದೆ ಎಂದು ಮಾತ್ರೆ ಕೊಟ್ಟು ಕಳಿಸಿದರು. ಊಟದ ಡಬ್ಬಿಯ ಮುಚ್ಚಳ ತೆಗೆಯದೆ ವಾಪಸ್ಸು ಒಯ್ಯುತ್ತಿದ್ದಳು. ತಮಾಷೆ ಮಾಡಿದರೆ ನಗುತ್ತಿರಲಿಲ್ಲ, ಬೈದರೆ ಸಿಟ್ಟಾಗುತ್ತಿರಲಿಲ್ಲ. ಒಂದು ದಿನ ನಾನೇ ಪದ್ಧತಿ ಮುರಿದು ಕೇಳಿದೆ.

‘ಏನಾಗಿದೆ ಅಕ್ಕ ನಿಂಗೆ?’

‘ಏನೂ ಆಗಿಲ್ಲಮ್ಮಾ. ಏಳ್ಬೇಕು ಅಂತ ತಲೆಗೆ ಗೊತ್ತಾಗುತ್ತೆ. ಹೋಗಿ ಕೈಕಾಲಿಗೆ ಹೇಳೋರು ಯಾರೂ ಇಲ್ಲ.’

‘ಒಂದು ತಿಂಗಳು ಮನೇಲಿ ಇದ್ಬಿಡು ಮಾರಾಯ್ತಿ. ಜಾಗ ನಾನು ಹಿಡ್ದಿಟ್ಟಿರ್ತೀನಿ.’

‘ಯಾರ ಮನೇಲಿ?’ ಅಂದಳು.

ನಿಜ. ತಮ್ಮ ಒಳ್ಳೆಯವನು, ಆದರೆ ಮನೆಯಲ್ಲಿ ಅವನ ಮಾತು ನಡೆಯುವುದಿಲ್ಲ. ಅವನ ಹೆಂಡತಿಯೂ ರಾಕ್ಷಸಿಯೇನಲ್ಲ, ಕೈ ಬಿಗಿ ಅಷ್ಟೆ. ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುವ ಅಕ್ಕ ಆ ಮನೆಯವಳು. ಹಗಲು ಹೊತ್ತು ಚಾಪೆ ಹಾಸಿ ಮಲಗುವ ಅಕ್ಕನಿಗೆ ಅಲ್ಲಿ ಜಾಗ ಇಲ್ಲ. ಹಿಂದೊಮ್ಮೆ ಕಾಲು ಉಳುಕಿ ಮಲಗಿದ್ದಾಗ, ಒಳಗೆ ಇಕ್ಕಟ್ಟಾಗುತ್ತದೆ ಎಂದು ಅವಳ ಟ್ರಂಕನ್ನು ಹೊರಗೆ ಜಗಲಿಗೆ ತಂದಿಟ್ಟಿದ್ದರು. ಅಕ್ಕ ಕುಂಟುತ್ತ ಕೆಲಸಕ್ಕೆ ಹೊರಟ ದಿನ ಟ್ರಂಕು ಒಳಗೆ ಹೋಯಿತು. ಹೀಗಾಗಿ ತೋಟದ ಸಾಲು ತಪ್ಪಿದರೆ ಅವಳಿಗೆ ಮನೆಯೂ ತಪ್ಪುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಅದಕ್ಕೇ ಯಾರೂ ನಡುಸಾಲು ಕೇಳಲಿಲ್ಲ. ಒಬ್ಬಳಿಗೆ ಮೈ ಸುಡುವ ಜ್ವರ ಇದ್ದಾಗಲೂ ಕೇಳಲಿಲ್ಲ.

ಅಂಥ ಹೊತ್ತಿನಲ್ಲಿ ಬಂದ ಈ ಪುಣ್ಯಾತ್ಮ, ಹೊಸ ಮ್ಯಾನೇಜರು. ನೀರು ಹಾಯಿಸಿದ ತೋಟಕ್ಕೆ ಬಿಳೀ ಶೂ ಹಾಕಿಕೊಂಡು ಬಂದವನು. ಮೊದಲ ದಿನವೇ ನಮ್ಮನ್ನು ಸುತ್ತ ನಿಲ್ಲಿಸಿ ಚಪ್ಪಾಳೆ ಹೊಡೆಸಿದ. ಯಾಕೆ ಅಂದರೆ ಎನರ್ಜಿ ಬರುತ್ತದಂತೆ. ‘ನಾವೆಲ್ಲ ಒಂದೇ ಫ್ಯಾಮಿಲಿ’ ಅಂದ. ಹಾಗಾದರೆ ಫ್ಯಾಮಿಲಿಯವರು ಕುಡಿಯುವ ನೀರಿನ ಡ್ರಮ್ಮು ಪಾಚಿ ಕಟ್ಟಿದೆ, ಬೇರೆ ಕೊಡಿಸಿ ಅಂದೆ. ‘ನೋಡೋಣ’ ಅಂದ. ಇವತ್ತಿನವರೆಗೂ ನೋಡುತ್ತಲೇ ಇದ್ದಾನೆ.

ಆಮೇಲೆ ನನ್ನನ್ನು ಕಾರಿನ ಹತ್ತಿರ ಕರೆದ.

‘ನಿಮ್ ಟೀಮಲ್ಲಿ ವೀಕ್ ಯಾರು?’

‘ಯಾರೂ ಇಲ್ಲ ಸಾರ್.’

‘ಇರ್ಲೇಬೇಕಲ್ಲಮ್ಮ. ಎಲ್ರೂ ಒಂದೇ ಸಮ ಹೋಗ್ತಿದ್ದೀರಿ ಅಂದ್ರೆ ಯಾರೋ ಹಿಂದಕ್ಕೆ ಎಳೀತಿದ್ದಾರೆ ಅಂತ ಅರ್ಥ. ಮುಂದೆ ಹೋಗೋರು ಮುಂದೆ ಹೋಗ್ಬೇಕು. ಅದು ಲೀಡರ್‌ಶಿಪ್.’

‘ಮುಂದೆ ಹೋಗಿ ಏನ್ಮಾಡ್ಬೇಕು ಸಾರ್? ತೋಟದ ಕೊನೇಲಿ ಬೇಲಿ ಇದೆ’ ಅಂದೆ. ಅವನಿಗೆ ನನ್ನ ಮೇಲೆ ಮುನಿಸು ಶುರುವಾದದ್ದು ಅಲ್ಲಿಂದ. ನನಗೆ ಅದಕ್ಕಿಂತ ಸ್ವಲ್ಪ ಮೊದಲೇ ಶುರುವಾಗಿತ್ತು.

ಸೋಮವಾರ ಪ್ರತಿಯೊಬ್ಬಳ ಕೈಗೂ ಒಂದೊಂದು ಬಣ್ಣದ ಬಾವುಟ ಬಂತು. ನಿನ್ನ ಸಾಲು ನಿನಗೆ. ಎಲ್ಲಿಯವರೆಗೆ ಮುಗಿಯಿತೋ ಅಲ್ಲಿ ಬಾವುಟ ಊರಬೇಕು. ಒಬ್ಬಳ ಸಾಲಿಗೆ ಇನ್ನೊಬ್ಬಳು ಗುದ್ದಲಿ ಹಾಕಿದರೆ ಇಬ್ಬರ ಕೂಲಿಗೂ ಕತ್ತರಿ. ಶನಿವಾರ ಎಲ್ಲರಿಗಿಂತ ಮುಂದಿದ್ದವಳಿಗೆ ಬಹುಮಾನ. ಈ ವಾರ ಬರೀ ಪ್ರಾಕ್ಟೀಸು, ಮುಂದಿನ ವಾರದಿಂದ ಎಲ್ಲರಿಗಿಂತ ಹಿಂದೆ ಉಳಿದವಳು ಮನೆಗೆ. ಇಷ್ಟು ಹೇಳಿ ಪಂಪ್‌ಹೌಸಿನ ನೆರಳಿಗೆ ಹೋಗಿ ಕೂತ. ಬಿಡುವ ಹೊತ್ತಿಗೆ ಎದ್ದು ಬಂದು ಬಾವುಟಗಳ ಫೋಟೋ ತೆಗೆದುಕೊಂಡು ಹೋಗುತ್ತಿದ್ದ.

ನಾವು ಎಡವಿದ್ದು ಇಲ್ಲೇ. ಮೊದಲು ಎಡಗಡೆಯವಳು ಒಂದು ಗಿಡ, ಬಲಗಡೆಯವಳು ಒಂದು ಗಿಡ ಎಂದು ಲೆಕ್ಕ ಇತ್ತು. ಎಲ್ಲರ ಕಣ್ಣೆದುರಿನ ಕೆಲಸ. ಈಗ ಅದೇ ಕೆಲಸ ಕಳ್ಳತನವಾಯಿತು, ಕೂಲಿ ಹೋಗುವ ಭಯಕ್ಕೆ ಯಾರೂ ಯಾರಿಗೂ ಬಾಯಿ ಬಿಡಲಿಲ್ಲ. ನೀರು ಕುಡಿಯಲು ಹೋದವಳು ದಾರಿಯಲ್ಲಿ ಅಕ್ಕನ ಸಾಲಿನ ಮುಂದಿನ ನಾಲ್ಕು ಗಿಡ ಬಿಡಿಸಿ ಹೋದಳು. ಎಲೆಅಡಿಕೆ ಉಗಿಯಲು ಎದ್ದವಳು ಇನ್ನು ನಾಲ್ಕು. ಗೊಬ್ಬರದ ಪುಟ್ಟಿ ತರುವ ನೆವದಲ್ಲಿ ನಾನೂ ಬಿಡಿಸಿದೆ. ಮನೆಯವರೆಲ್ಲ ಒಬ್ಬೊಬ್ಬರಾಗಿ ಅಡುಗೆಮನೆಗೆ ಬಂದು ಉಪ್ಪು ಹಾಕಿಹೋದ ಸಾರಿನ ಹಾಗಾಯಿತು ಅವಳ ಸಾಲು. ಅಕ್ಕ ತಲೆ ತಗ್ಗಿಸಿಕೊಂಡು ಬಂದರೆ ಮುಂದಿನ ಬುಡ ಆಗಲೇ ಸ್ವಚ್ಛ, ಅದರ ಮುಂದಿನದೂ ಸ್ವಚ್ಛ. ಬಾವುಟ ಕಿತ್ತು ಮುಂದೆ ಊರುತ್ತಿದ್ದಳು. ನಮ್ಮ ಕಣ್ಣೆಲ್ಲ ಅವಳು ಹಿಂದೆ ಬೀಳದಿದ್ದರೆ ಸಾಕು ಎಂಬುದರ ಮೇಲಿತ್ತು. ಮುಂದೆ ಹೋಗುವುದೂ ಒಂದು ಅಪಾಯ ಎಂದು ಯಾರಿಗೆ ಗೊತ್ತಿತ್ತು?

ಶನಿವಾರ ನೋಡಿದರೆ ಅಕ್ಕನ ಹಸಿರು ಬಾವುಟ ಎಲ್ಲರಿಗಿಂತ ಬಹಳ ಮುಂದೆ ನಿಂತಿತ್ತು.

ತಲೆಯಲ್ಲಿ ಸ್ವಲ್ಪ ಬುದ್ಧಿ ಇದ್ದವನಾಗಿದ್ದರೆ ಆ ಹೆಂಗಸಿನ ಮುಖ ನೋಡಿ ಇದೇನೋ ಸರಿಯಿಲ್ಲ ಅನ್ನುತ್ತಿದ್ದ. ಇವನು ಫೋಟೋ ನೋಡಿದ, ಮುಖ ನೋಡಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಭಾನುವಾರ ವಿದ್ಯಾನಗರದ ಆಫೀಸಿನ ಮೇಲಿನ ಹಾಲಿನಲ್ಲಿ ಕಾರ್ಯಕ್ರಮ, ಎಲ್ಲರೂ ಬರಲೇಬೇಕು ಅಂದ. ನಮಗಿರುವ ಒಂದೇ ರಜೆ, ರಾಶಿ ಬಟ್ಟೆ ಒಗೆಯುವ ದಿನ, ಅದನ್ನೂ ತಿಂದ.

ಹಾಲಿನಲ್ಲಿ ಭಾಷಣಕ್ಕೆ ಒಬ್ಬ ಟ್ರೈನರನ್ನು ಕರೆಸಿದ್ದರು. ಬೆಣ್ಣೆಯಂಥ ದನಿ. ಬರ್ನ್‌ಔಟ್, ಅಂದರೆ ದುಡಿದು ದುಡಿದು ಒಳಗೇ ಬತ್ತಿಹೋಗುವ ಕಾಯಿಲೆ, ಹೇಗೆ ಬರುತ್ತದೆ ಎಂದು ವಿವರಿಸಿದರು. ಕಣ್ಣು ಮುಚ್ಚಿ, ಸಮುದ್ರದ ದಂಡೆಯಲ್ಲಿದ್ದೀವಿ ಅಂದುಕೊಳ್ಳಿ ಅಂದರು. ಮುಚ್ಚಿದ ಕೂಡಲೇ ಅರ್ಧ ಜನ ಗೊರಕೆ ಹೊಡೆದರು. ದಿನಕ್ಕೆ ಹತ್ತು ನಿಮಿಷ ನಿಮಗಾಗಿ ಇಟ್ಟುಕೊಳ್ಳಿ ಅಂದಾಗ ನಮ್ಮ ಗ್ಯಾಂಗಿನ ತೆಲುಗಿನವಳು ಎದ್ದು ನಿಂತಳು. ಮೆಣಸಿನಕಾಯಿಯಂಥ ಹೆಂಗಸು, ಯಾರಿಗೂ ಹೆದರುವುದಿಲ್ಲ.

‘ಎಲ್ಲಿಂದ ತರೋದು ಸಾರ್ ಆ ಹತ್ತು ನಿಮಿಷಾನ? ನಿಮ್ಮತ್ರ ಹೆಚ್ಗೆ ಇದ್ರೆ ಕೊಟ್ಟೋಗಿ.’

ಗುಡ್ ಕ್ವೆಶ್ಚನ್ ಅಂದರು ಅವರು. ಮುಂದಿನ ಪಾಠಕ್ಕೆ ಹೋದರು.

ಆದರೆ ಒಂದು ಮಾತು ಒಪ್ಪಬೇಕು. ಆ ರೋಗದ ಲಕ್ಷಣ ಅಂತ ಅವರು ಹೇಳುತ್ತ ಹೋದದ್ದು ಕೇಳಿ ನಾನು ಅಕ್ಕನ ಕಡೆ ತಿರುಗಿದೆ. ಊಟ ಸೇರುವುದಿಲ್ಲ, ನಗು ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ, ಮಲಗಿ ಎದ್ದರೂ ಸುಸ್ತು ಹೋಗುವುದಿಲ್ಲ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು. ಈಗಲೇ ಎದ್ದು, ಇಲ್ಲಿ ಕೂತಿದ್ದಾಳೆ ನೋಡಿ ಎಂದು ಕೂಗಿಬಿಡಲೇ ಅಂದುಕೊಂಡೆ. ಅಷ್ಟರಲ್ಲಿ ಮ್ಯಾನೇಜರು ಮೈಕು ಹಿಡಿದು, ಇಂಥ ಯಾವ ತೊಂದರೆಯನ್ನೂ ಹತ್ತಿರ ಬಿಟ್ಟುಕೊಳ್ಳದ ನಮ್ಮ ಲೀಡರ್ ಎಂದು ಅವಳನ್ನೇ ಮೇಲಕ್ಕೆ ಕರೆದ.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸೆರಗು ಹೊದ್ದ ತಲೆಯ ಮೇಲೆ ಹಸಿರು ಟೋಪಿ ಇಟ್ಟರು. ಇಷ್ಟು ಜೋರಾಗಿ ಹೇಗೆ ಕೆಲಸ ಮಾಡುತ್ತೀಯಮ್ಮ, ಗುಟ್ಟು ಹೇಳು ಎಂದು ಮೈಕು ಮುಂದೆ ಹಿಡಿದರು. ಅಕ್ಕ ಕೆಳಗೆ ನಮ್ಮ ಕಡೆ ನೋಡಿದಳು. ನನ್ನನ್ನು ಹುಡುಕಿ ನನ್ನ ಮೇಲೇ ಕಣ್ಣು ನಿಲ್ಲಿಸಿದಳು.

‘ನಂಗೊತ್ತಿಲ್ಲ ಸಾರ್’ ಅಂದಳು. ‘ತಲೆ ಎತ್ತಿ ನೋಡೋ ಹೊತ್ಗೆ ಮುಗ್ದಿರುತ್ತೆ.’

‘ಫೋಕಸ್!’ ಎಂದು ಕೂಗಿದ ಮ್ಯಾನೇಜರು. ‘ನೋಡಿ, ಇದೇ ಫೋಕಸ್ ಅನ್ನೋದು!’ ಆಫೀಸಿನವರೆಲ್ಲ ಚಪ್ಪಾಳೆ ಹೊಡೆದರು. ನಾವೂ ಹೊಡೆಯಬೇಕಾಯಿತು.

ಅಲ್ಲಿಗೇ ಮುಗಿಯಲಿಲ್ಲ. ನಾಳೆಯಿಂದ ಅಕ್ಕ ಎಷ್ಟು ಗಿಡ ಬಿಡಿಸಿದ್ದಾಳೋ ಎಲ್ಲರೂ ಅಷ್ಟೇ ಬಿಡಿಸಬೇಕು. ಅಕ್ಕನನ್ನು ನಾಲೆಯ ಆಚೆ ಹೊಸ ತೋಟಕ್ಕೆ ಹಾಕುತ್ತೇವೆ, ಅಲ್ಲಿಗೆ ಬೇರೆ ಊರಿನಿಂದ ಬಂದ ಗ್ಯಾಂಗಿನ ಮುಂದೆ ಅವಳು ದಾರಿ ತೋರಿಸಬೇಕು ಅಂದ. ಅಂದರೆ ಅವಳ ಸಾಲು ಎಳೆಯಲು ಅಲ್ಲಿ ನಾವು ಯಾರೂ ಇರುವುದಿಲ್ಲ.

ವಾಪಸ್ಸು ಬರುವಾಗ ಆಟೋದಲ್ಲಿ ದೊಡ್ಡ ರಂಪವಾಯಿತು. ನಾನು ಬಿಡಿಸಿದೆ, ನೀನೂ ಬಿಡಿಸಿದೆಯಾ, ನಿನಗೆ ಯಾರು ಹೇಳಿದ್ದು ಎಂದು ಒಬ್ಬರ ಮೇಲೊಬ್ಬರು ಹಾಯ್ದರು. ಕೊನೆಗೆ ಎಲ್ಲರ ಸಿಟ್ಟೂ ಅಕ್ಕನ ಮೇಲೆ ತಿರುಗಿತು. ‘ನೀನು ಶಾಲು ಹೊದ್ಕೋ ಅಕ್ಕ, ನಾವು ಗುದ್ದಲಿ ಹಿಡ್ಕೊಂಡು ಸಾಯ್ತೀವಿ’ ಅಂದಳು ತೆಲುಗಿನವಳು. ಅಕ್ಕ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ‘ನಾನೇನ್ ಮಾಡ್ದೆ? ನೀವೇ ಅಲ್ವಾ ಮಾಡಿದ್ದು’ ಅಂದಳು. ಮನೆಯ ಮುಂದೆ ಇಳಿಯುವಾಗ ಅವಳ ತಮ್ಮನ ಹೆಂಡತಿ ಬಾಗಿಲಿಗೇ ಓಡಿಬಂದಳು. ಶಾಲು ಬಿಡಿಸಿ ಅಕ್ಕಪಕ್ಕದವರಿಗೆಲ್ಲ ತೋರಿಸಿದಳು. ಇನ್ನು ಆ ಹೊಸ ತೋಟ ನನಗೆ ಬೇಡ ಎಂದು ಅಕ್ಕ ಹೇಳುವುದು ಹೇಗೆ?

ಸೋಮವಾರ ಜೊತೆಗೆ ಹೋಗಿ ಬಿಟ್ಟು ಬಾ ಎಂದು ನನ್ನನ್ನೂ ಕಳಿಸಿದ್ದರಿಂದ ಮುಂದಿನದನ್ನು ಕಣ್ಣಾರೆ ನೋಡಿದೆ. ಹೊಸ ಗ್ಯಾಂಗಿನವರು ಸಾಲಾಗಿ ನಿಂತಿದ್ದರು. ಮ್ಯಾನೇಜರು ಅಕ್ಕನನ್ನು ಮುಂದೆ ನಿಲ್ಲಿಸಿ, ‘ಲೀಡರ್, ಒಂದ್ಸಲ ನೋಡಿ ಹೇಳಮ್ಮ, ಇದ್ರಲ್ಲಿ ಹಿಂದೆ ಬೀಳೋರು ಯಾರು?’ ಅಂದ. ಅಕ್ಕ ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಎಲ್ಲರ ಮುಖ ನೋಡಿದಳು.

‘ನಾನೇ ಸಾರ್’ ಅಂದಳು.

ಅವನು ನಕ್ಕ. ದೊಡ್ಡವರ ವಿನಯ ನೋಡಿ ಕಲಿಯಿರಿ ಅಂದ. ಸರಿ, ಶುರು ಮಾಡಿ ಅಂದ. ಅಕ್ಕ ಒಂದು ಬುಡ ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಮುಂದಿನ ಗಿಡದ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಳು. ಅಲ್ಲಿ ಕಳೆ ಹಾಗೇ ಇತ್ತು. ಗುದ್ದಲಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಳು.

‘ಏಳಮ್ಮ’ ಅಂದ ಅವನು.

‘ಮುಡಿಯಲ ಸಾರ್.’

ತೋಟದಲ್ಲಿ ಅವಳು ತಮಿಳು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಏನಂತೆ ಎಂದು ಅವನು ನನ್ನನ್ನು ಕೇಳಿದ. ‘ಆಗಲ್ಲ ಅಂತಿದ್ದಾಳೆ’ ಅಂದೆ. ನಾಟಕ ಅಂದ. ಆ ಮಾತಿಗೆ ನನಗೆ ಇದ್ದಬದ್ದ ಸಹನೆ ಹೋಯಿತು. ಎಲ್ಲವನ್ನೂ ಹೇಳಿಬಿಟ್ಟೆ. ನಡುಸಾಲು, ಬಾವುಟ, ನಾವು ಕದ್ದು ಬಿಡಿಸಿದ ಗಿಡಗಳು, ತೆರೆಯದ ಡಬ್ಬಿ, ನಿನ್ನೆ ನಿಮ್ಮ ಟ್ರೈನರ್ ಹೇಳಿದ ಕಾಯಿಲೆ ಇವಳದ್ದೇ ಕಣ್ರೀ ಎಂದು ಕೂಗಿದೆ. ಅವನು ಕೈ ಕಟ್ಟಿಕೊಂಡು ಪೂರ್ತಿ ಕೇಳಿದ. ಕೇಳಿ ಅವನು ಹೇಳಿದ ಮಾತು ಸಾಯುವವರೆಗೂ ಮರೆಯುವುದಿಲ್ಲ.

‘ಅಂದ್ರೆ ನಿಮ್ ಸಾಲು ಮಾಡಿ, ಇವಳ ಸಾಲೂ ಮಾಡೋ ಅಷ್ಟು ಶಕ್ತಿ ನಿಮಗೆಲ್ಲ ಇತ್ತು ಅಂತಾಯ್ತಲ್ಲ.’

ಏರಿಸಿದ ಗಿಡದ ಲೆಕ್ಕ ಇಳಿಯಲಿಲ್ಲ. ಟೋಪಿ ವಾಪಸ್ಸು ತೆಗೆದುಕೊಂಡರು. ಅಕ್ಕನಿಗೆ ನಾಳೆಯಿಂದ ಬರಬೇಡ ಅಂದರು. ಅವಳು ಅಳಲಿಲ್ಲ. ಸಂಜೆ ಆಟೋದಲ್ಲಿ ನನ್ನ ಕೈ ಹಿಡಿದು, ‘ಮನೇಲಿ ಹೇಳ್ಬೇಡಮ್ಮಾ’ ಅಂದಳು ಅಷ್ಟೆ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಅಕ್ಕ ಡಬ್ಬಿ ಹಿಡಿದು ಆಟೋ ನಿಲ್ಲುವ ಜಾಗದಲ್ಲಿ ನಿಂತಿದ್ದಾಳೆ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ತೆಲುಗಿನವಳು ಸರಿದು ಕೂತು ನಡುವೆ ಜಾಗ ಮಾಡಿದಳು. ತೋಟದ ಗೇಟಿಗೆ ಮೊದಲೇ ನಾಲೆಯ ಸೇತುವೆ ಇದೆ, ಪಕ್ಕದಲ್ಲಿ ದೊಡ್ಡ ಹೊಂಗೆಮರ. ಅಲ್ಲಿ ಅವಳನ್ನು ಇಳಿಸಿ ನಾವು ಕೆಲಸಕ್ಕೆ ಹೋದೆವು, ಸಂಜೆ ಬರುತ್ತ ಹತ್ತಿಸಿಕೊಂಡೆವು. ಡ್ರೈವರು ಗೊಣಗಿದ, ನಾಲ್ಕೂ ಭಾಷೆಯಲ್ಲಿ ಉತ್ತರ ಸಿಕ್ಕಿದ ಮೇಲೆ ಸುಮ್ಮನಾದ. ಶನಿವಾರ ಕೂಲಿ ಬಂದಾಗ ಎಲ್ಲರೂ ಒಂದಿಷ್ಟು ಅವಳ ಸೆರಗಿಗೆ ಹಾಕಿದರು, ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಮೊದಲು ಹಾಕಿದವಳು ತೆಲುಗಿನವಳೇ. ಹಾಕುವಾಗಲೂ ಬೈದೇ ಹಾಕಿದಳು.

ಮೊದಮೊದಲು ಅಕ್ಕ ಆ ಮರದ ಕೆಳಗೆ ದಿನವಿಡೀ ನಿದ್ದೆ ಮಾಡುತ್ತಿದ್ದಳಂತೆ. ಬರಬರುತ್ತ ಡಬ್ಬಿ ಹಗುರವಾಗಿ ವಾಪಸ್ಸು ಬರತೊಡಗಿತು. ಯುಗಾದಿ ಹತ್ತಿರ ಬಂದಾಗ ಒಂದು ಸಂಜೆ ಡ್ರೈವರನ ಹೊಸ ಮೀಸೆಯ ಬಗ್ಗೆ ಏನೋ ಅಂದಳು. ಆಟೋದಲ್ಲಿದ್ದವರೆಲ್ಲ ನಕ್ಕೆವು. ನನಗೆ ಕಣ್ಣಲ್ಲಿ ನೀರು ಬಂತು, ಧೂಳು ಅಂದೆ.

ಆ ಭಾನುವಾರ ಓಲ್ಡ್ ಟೌನಿನ ಮಾರ್ಕೆಟ್ಟಿನಲ್ಲಿ ಅವಳ ತಮ್ಮನ ಹೆಂಡತಿ ನನ್ನನ್ನು ತಡೆದು ನಿಲ್ಲಿಸಿದಳು. ಹಿಂದೆ ಚೀಲ ಹಿಡಿದು ಅಕ್ಕ.

‘ಮೇಸ್ತ್ರಿ ನೀವೇ ಅಲ್ವಾ? ನೋಡಿ ನಮ್ಮಕ್ಕನ್ನ, ಲೀಡರ್ ಆದ್ಮೇಲೆ ಮುಖದಲ್ಲಿ ಎಷ್ಟು ಕಳೆ ಬಂದಿದೆ. ಹೊಟ್ಟೆ ತುಂಬ ಊಟ ಮಾಡ್ತಾರೆ, ಒಳ್ಳೆ ನಿದ್ದೆ ಮಾಡ್ತಾರೆ. ಆ ಶಾಲು ಗೋಡೆ ಮೇಲೇ ಹಾಕಿದ್ದೀವಿ. ನಿಮ್ ಮ್ಯಾನೇಜರು ತುಂಬ ಒಳ್ಳೇವ್ರಿರ್ಬೇಕು ಅಲ್ವಾ?’

ನನಗೆ ಗೊತ್ತಿದ್ದ ಬೈಗುಳವೆಲ್ಲ ಹಲ್ಲಿನವರೆಗೆ ಬಂತು. ಆ ಹೆಂಗಸಿನ ಹೆಗಲಿನಾಚೆ ಅಕ್ಕ ನನ್ನನ್ನೇ ನೋಡುತ್ತಿದ್ದಳು, ಅವತ್ತು ಹಾಲಿನಲ್ಲಿ ಮೈಕಿನ ಮುಂದೆ ನಿಂತು ನೋಡಿದ ಹಾಗೆಯೇ.

‘ಹೌದಮ್ಮ’ ಅಂದೆ. ‘ದೇವರಂಥವರು.’

ಅಕ್ಕ ಬಗ್ಗಿ ಬೀನ್ಸ್ ಆರಿಸತೊಡಗಿದಳು.